ಉದ್ದುದ್ದ ಡಚ್ ಸಮಾಸಪದಗಳನ್ನು ಎಲ್ಲಿ ಬಿಡಿಸಬೇಕು, ಎಲ್ಲಿ ಒತ್ತಬೇಕು?

ಅಕ್ಷರ ಬಿಡಿಸುವ ನಿಯಮಗಳ ಪಟ್ಟಿ ಕೇಳಿದ್ದೀರಿ. ಪಟ್ಟಿಯ ಗೊಡವೆಯೇ ಬೇಡ. ನೆದರ್‌ಲೆಂಡ್ಸ್‌ನ ಆಮ್ಸ್ಟಲ್‌ವೇನ್ ಊರಿಗೆ ಬಂದ ಹೊಸತರಲ್ಲಿ ನಾನೂ ಡಚ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಬಾಯಿಪಾಠ ಮಾಡುತ್ತಿದ್ದೆ. ನನ್ನ ಉಚ್ಚಾರವನ್ನು ಕೆಡಿಸಿದ್ದು ಅದೇ.

ಒಂದು ರಾತ್ರಿ ಮಗಳಿಗೆ ವಿಪರೀತ ಜ್ವರ. ಟ್ಯಾಕ್ಸಿ ಚಾಲಕರಿಗೆ 'ಹಾಯ್ಸಾರ್ಟ್ಸನ್‌ಪೋಸ್ಟ್' ಎಂದೆ. ರಾತ್ರಿ ಮತ್ತು ರಜೆಯ ದಿನಗಳಲ್ಲಿ ತುರ್ತಿಗೆ ವೈದ್ಯರು ಸಿಗುವ ಜಾಗ ಅದು. ಅವರಿಗೆ ಕೇಳಿಸಿದ್ದು ಕೊನೆಯ 'ಪೋಸ್ಟ್' ಮಾತ್ರ. ಅರ್ಥವಾಗಲಿಲ್ಲವೆಂದು ನಾನು ಅದನ್ನೇ ಇನ್ನಷ್ಟು ಒತ್ತಿ ಹೇಳಿದೆ. ಮಗು ಮಡಿಲಲ್ಲಿ ನರಳುತ್ತಿತ್ತು. ಮೊಬೈಲಿನಲ್ಲಿ ಪದ ತೋರಿಸಿದ ಮೇಲೆಯೇ ಕಾರು ಹೊರಟಿದ್ದು.

ಹಾಯ್ಸ್ ಎಂದರೆ ಮನೆ, ಆರ್ಟ್ಸ್ ಎಂದರೆ ವೈದ್ಯ. ಕನ್ನಡದಲ್ಲಿ ವ್ಯಂಜನದ ಮುಂದೆ ಸ್ವರ ಬಂದರೆ ಎರಡೂ ಕೂಡಿ ಒಂದೇ ಅಕ್ಷರ. ಹಾಗಾಗಿ ಬರೆಯುವಾಗಲೇ ಅಲ್ಲಿ 'ಸಾ' ಹುಟ್ಟಿಬಿಟ್ಟಿತ್ತು. ಡಚ್ಚಿನಲ್ಲಿ ಪದ ಪದ ಸೇರುವ ಹೊಲಿಗೆಯನ್ನು ಸಕಾರ ದಾಟುವುದಿಲ್ಲ, ಎಡಕ್ಕೇ ಉಳಿಯುತ್ತದೆ. ಆದರೆ ಆರ್ಟ್ಸ್‌ಗೆ ಬಹುವಚನದ 'ಅನ್' ಸೇರಿದಾಗ ಅಲ್ಲಿನ ಸಕಾರ ಬಲಕ್ಕೆ ಜರುಗುತ್ತದೆ, ಏಕೆಂದರೆ 'ಅನ್' ಪದವಲ್ಲ, ಪ್ರತ್ಯಯ. ಹೀಗಾಗಿ ಹಾಯ್ಸ್-ಆರ್ಟ್-ಸನ್-ಪೋಸ್ಟ್.

ಒತ್ತಿನ ವಿಷಯದಲ್ಲಿ ನನ್ನನ್ನು ದಾರಿ ತಪ್ಪಿಸಿದ್ದು ನಮ್ಮ ತತ್ಪುರುಷ ಸಮಾಸ. ಅಲ್ಲಿ ಉತ್ತರಪದದ ಅರ್ಥವೇ ಮುಖ್ಯ. ಡಚ್ಚಿನಲ್ಲೂ ಅರ್ಥ ಬಲಗಡೆಯದೇ, ಆದರೆ ದನಿಯ ಒತ್ತು ಸಾಮಾನ್ಯವಾಗಿ ಎಡಗಡೆಯ ಪದಕ್ಕೆ. 'ಹಾಯ್ಸ್' ಎದ್ದು ಕೇಳಬೇಕು, 'ಪೋಸ್ಟ್' ತಗ್ಗಬೇಕು. ಎಡಗಡೆಯ ಪದ ಎಂದರೆ ಮೊದಲ ಅಕ್ಷರ ಎಂದಲ್ಲ. ನಿವಾಸ ಪರವಾನಗಿಗೆ ಹೇಳುವ 'ವರ್‌ಬ್ಲೈಫ್ಸ್‌ವರ್ಖುನಿಂಗ್'ನಲ್ಲಿ 'ವರ್' ಎಂಬ ಪೂರ್ವಪ್ರತ್ಯಯ ಒತ್ತು ಹೊರುವುದಿಲ್ಲ, 'ಬ್ಲೈಫ್ಸ್' ಹೊರುತ್ತದೆ. ಸ್ಟಟ್‌ಹಾಯ್ಸ್ (ಪುರಭವನ), ಬುರ್ಖಮೇಸ್ಟರ್ (ಮೇಯರ್) ಈ ಮಾತಿಗೆ ಒಗ್ಗುವುದಿಲ್ಲ: ಒಂದರಲ್ಲಿ 'ಹಾಯ್ಸ್', ಇನ್ನೊಂದರಲ್ಲಿ 'ಮೇ' ಒತ್ತಾಗುತ್ತದೆ. ಇಂಥವನ್ನು ಕಿವಿಯಿಂದಲೇ ಕಲಿಯಬೇಕು.

ನಿಘಂಟಿನಲ್ಲಿ ಪದದ ನಡುವೆ ಹಾಕುವ ಚುಕ್ಕೆಗಳನ್ನು ನೆಚ್ಚಿಕೊಳ್ಳಬೇಡಿ. ಸಾಲಿನ ಕೊನೆಯಲ್ಲಿ ಪದ ಮುರಿಯಲು ಅವು ಸಾಕು. ಯಾವ ತುಂಡು ಪದ, ಯಾವುದು ಪ್ರತ್ಯಯ ಎಂದು ಅವು ಹೇಳುವುದಿಲ್ಲ. ದುಡಿಯಲಾಗದ ಸ್ಥಿತಿಗೆ ಬಂದವರ ವಿಮೆಗೆ 'ಆರ್‌ಬೈಟ್ಸ್‌ಒನ್‌ಖಸ್ಖಿಕ್ಟ್‌ಹೈಟ್ಸ್‌ವರ್‌ಜೇಕರಿಂಗ್' ಎನ್ನುತ್ತಾರೆ. ಅದರ ಹತ್ತು ತುಂಡುಗಳನ್ನು ಎಣಿಸುತ್ತಾ ಕೂರಬೇಡಿ. 'ಆರ್‌ಬೈಟ್' ಎಂದರೆ ದುಡಿಮೆ, ಕೊನೆಯ 'ವರ್‌ಜೇಕರಿಂಗ್' ವಿಮೆ. 'ಬೈಟ್ಸ್', 'ಹೈಟ್ಸ್' ಎಂಬಲ್ಲಿ ಬರುವ ಸಕಾರಗಳು ಹೊಲಿಗೆಯ ಗುರುತು. 'ಆರ್' ಅನ್ನು ಒತ್ತಿ ಶುರು ಮಾಡಿ. ಕನ್ನಡದಲ್ಲಿ ಬರೆದುಕೊಳ್ಳಲೇಬೇಕೆಂದಿದ್ದರೆ 'ಸಾ'ದಂಥ ಕೂಡಿದ ಅಕ್ಷರದಲ್ಲಿ ಹೊಲಿಗೆಯನ್ನು ಮುಚ್ಚದೆ, ಅಲ್ಲೊಂದು ಅಡ್ಡಗೆರೆ ಹಾಕಿ.