ಶೋಲಾವರಂನ ಹರಳೆಣ್ಣೆ ವಾಸನೆ

ಪತ್ರ: "ಚೆನ್ನೈ, ಕೊಯಮತ್ತೂರು, ನೊಯಿಡಾಗಳಲ್ಲಿ ರೇಸ್ ಟ್ರ್ಯಾಕ್ ಇದೆ. ಕಾರವಾರ–ಅಂಕೋಲೆ ನಡುವೆ ಸರ್ಕಾರ ಒಂದು ಗುಡ್ಡ ಸಮತಟ್ಟು ಮಾಡಿ ನಮಗೂ ಕಟ್ಟಿಕೊಡಬಾರದೇಕೆ? ಹುಡುಗರು ಹೆದ್ದಾರಿಯಲ್ಲಿ ಸಾಯುವುದಾದರೂ ತಪ್ಪುತ್ತದೆ. ಯಕ್ಷಗಾನ, ಅಡಿಕೆ ಬಿಟ್ಟರೆ ನಿಮ್ಮ ಪತ್ರಿಕೆಗೆ ಬೇರೇನೂ ಕಾಣುವುದಿಲ್ಲವೇ?"
— ಕಾಲೇಜು ವಿದ್ಯಾರ್ಥಿ, ಅಂಕೋಲೆ

ಸಂಪಾದಕರ ಉತ್ತರ:

ಹೆದ್ದಾರಿಯ ಮಾತು ನಿಜ, ಒಪ್ಪಿದೆ. ಆ ಹುಡುಗರಿಗೆ ಬೇರೆ ಜಾಗ ಬೇಕು. ಆದರೆ "ಸರ್ಕಾರ ಕಟ್ಟಿಕೊಡಲಿ" ಎಂಬಲ್ಲಿಗೆ ಬರುವಾಗ ನನ್ನ ಚಹಾ ಆರಿಹೋಯಿತು. ನೀವು ಹೆಸರಿಸಿದ ಮೂರರಲ್ಲಿ ಒಂದನ್ನೂ ಸರ್ಕಾರ ಕಟ್ಟಿದ್ದಲ್ಲ, ಮಾರಾಯರೆ.

ಮದ್ರಾಸಿನ ಕಥೆ ಕೇಳಿ. ಊರಾಚೆ ಶೋಲಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿಯೊಂದು ಕೆಲಸವಿಲ್ಲದೆ ಬಿದ್ದಿತ್ತು. 1950ರ ದಶಕದಲ್ಲಿ ಮೋಟಾರು ಹುಚ್ಚಿನ ಕೆಲವರು ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಎಂದು ಮಾಡಿಕೊಂಡು ಅದರ ಮೇಲೆಯೇ ಗಾಡಿ ಓಡಿಸತೊಡಗಿದರು. ಕಾಲೇಜು ದಿನಗಳಲ್ಲಿ ಸೋದರಮಾವನ ಜತೆ ನಾನೂ ಒಮ್ಮೆ ಹೋಗಿದ್ದೆ. ತಲೆಗೆ ಟವೆಲ್, ಕೈಯಲ್ಲಿ ಕಡಲೆಕಾಯಿ ಪೊಟ್ಟಣ, ಹಿಂದೆ ಮುಂದೆ ಎಲ್ಲಿ ನೋಡಿದರೂ ಜನ. ರೇಸಿನ ಎಂಜಿನ್ನುಗಳಿಗೆ ಆಗ ಹರಳೆಣ್ಣೆಯಿಂದ ಮಾಡಿದ ಆಯಿಲ್ ಹಾಕುವುದಿತ್ತು. ನಮ್ಮ ಮನೆಯಲ್ಲಿ ಹರಳೆಣ್ಣೆ ಎಂದರೆ ಅಮ್ಮಮ್ಮ ಮೂಗು ಹಿಡಿದು ಕುಡಿಸುತ್ತಿದ್ದ ಭೇದಿ ಮದ್ದು. ಸುಟ್ಟ ಹರಳೆಣ್ಣೆಯ ವಾಸನೆಗೆ ಹೊಟ್ಟೆ ತೊಳಸುವ ಬದಲು ಮೈ ಜುಂ ಎಂದದ್ದು ಅವತ್ತೊಂದೇ ದಿನ.

ಹೀಗೆ ಮೂರು ದಶಕಕ್ಕೂ ಮೀರಿ ಹಳೇ ಪಟ್ಟಿಯ ಮೇಲೆ ಓಡಿದ ಮೇಲೆ ಆ ಕ್ಲಬ್ಬಿಗೆ ಸ್ವಂತ ಟ್ರ್ಯಾಕ್ ಆದದ್ದು. ಮದ್ರಾಸಿನ ಹತ್ತಿರದ ಇರುಂಗಾಟ್ಟುಕೋಟ್ಟೈಯಲ್ಲಿ, 1990ರಲ್ಲಿ, ಸುತ್ತಳತೆ 3.7 ಕಿಲೋಮೀಟರ್. ಕೊಯಮತ್ತೂರಿನದು ಇನ್ನೂ ಚಂದ. ಅಲ್ಲಿನ ಗಿರಣಿ ಮನೆತನದ ಕರಿವರ್ಧನ್ ಎಂಬಾತ ಮಾರುತಿ 800ರ ಎಂಜಿನ್ ಇಟ್ಟು ಒಂಟಿ ಸೀಟಿನ ರೇಸು ಕಾರು ಕಟ್ಟಿದ. ಪರದೇಶದ ಕಾರು ತರಿಸಲಾಗದ ಹುಡುಗರೂ ಅದರಿಂದ ರೇಸಿಗೆ ಬಂದರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಚೆಟ್ಟಿಪಾಳ್ಯಂನ ಟ್ರ್ಯಾಕಿಗೆ ಇರುವುದು ಅವನದೇ ಹೆಸರು. 2005ರಲ್ಲಿ ಕಾರು ರೇಸಿನ ತುತ್ತತುದಿ ಎನಿಸಿದ ಫಾರ್ಮುಲಾ ಒನ್ ಮುಟ್ಟಿದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ಯಾವ ಊರಿನವರು ಹೇಳಿ? ಅದೇ ಕೊಯಮತ್ತೂರು.

ನೊಯಿಡಾ ಕಡೆಯದು ಖಾಸಗಿ ಕಂಪನಿಯ ದುಡ್ಡಿನ ಅರಮನೆ. 2011ರಿಂದ ಮೂರು ವರ್ಷ ಫಾರ್ಮುಲಾ ಒನ್ ಬಂತು, ಮೂರೂ ಸಲ ಜರ್ಮನಿಯ ಸೆಬಾಸ್ಟಿಯನ್ ವೆಟಲ್ ಗೆದ್ದ. ಇದು ಕ್ರೀಡೆಯಲ್ಲ, ಮನರಂಜನೆ ಎಂದು ಸರ್ಕಾರ ತೆರಿಗೆಗೆ ಕೂತಿತು. 2013ರ ನಂತರ ಆ ರೇಸು ಈ ಕಡೆ ತಲೆ ಹಾಕಿಲ್ಲ.

ಇನ್ನು ಗುಡ್ಡ ಸಮತಟ್ಟು ಮಾಡುವ ಮಾತು. ಅಂಕೋಲೆಯಲ್ಲಿ ಕೂತು ಹೀಗೆ ಬರೆಯಲು ನಿಮಗೆ ಕೈ ಹೇಗೆ ಬಂತು? 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದದ್ದು ನಿಮ್ಮದೇ ತಾಲೂಕಿನಲ್ಲಿ. ಈ ಜಿಲ್ಲೆಯ ಭೂಮಿ ಎಂದರೆ ಎಲ್ಲರಿಗೂ ಪುಕ್ಕಟೆ ಸಿಕ್ಕ ಬಯಲು ಎಂಬ ಹಾಗಾಗಿದೆ. ಸೂಪಾ ಊರು ಅಣೆಕಟ್ಟೆಯಲ್ಲಿ ಮುಳುಗಿತು, ಕೈಗಾ ಅಣುಸ್ಥಾವರ ಬಂತು, ಸೀಬರ್ಡ್ ನೌಕಾನೆಲೆಗೆಂದು ಕಡಲ ದಂಡೆಯ ಊರುಗಳೇ ಎದ್ದುಹೋದವು. ಈಗ ನಮ್ಮ ಹುಡುಗರೇ ಕೇಳತೊಡಗಿದರೆ ಯಾರ ಹತ್ತಿರ ದೂರುವುದು?

ಯಕ್ಷಗಾನ, ಅಡಿಕೆ ಎಂದು ಹಂಗಿಸಿದಿರಿ. ಅದನ್ನೇ ಹೇಳುತ್ತೇನೆ, ಸಹಿಸಿಕೊಳ್ಳಿ. ಕೆರೆಮನೆಯವರ ಇಡಗುಂಜಿ ಮೇಳ 1934ರಲ್ಲಿ ಹುಟ್ಟಿದ್ದು ಯಾವ ರಂಗಮಂದಿರ ನೋಡಿಕೊಂಡಲ್ಲ. ಶಿರಸಿಯ ತೋಟಗಾರರು 1923ರಲ್ಲೇ ತಮ್ಮ ಮಾರಾಟ ಸಂಘ ಮಾಡಿಕೊಂಡರು. ಸರ್ಕಾರಿ ದುಡ್ಡಿನ ಕ್ರೀಡಾಂಗಣವೊಂದು ನನ್ನ ಮನೆ ಹತ್ತಿರವೇ ಇದೆ. ಗೇಟಿಗೆ ಬೀಗ, ಕೀಲಿ ಯಾರ ಹತ್ತಿರವೋ. ಗೋಡೆ ಒಡೆದ ಕಡೆಯಿಂದ ದನ ಮಾತ್ರ ದಿನಾ ಅಭ್ಯಾಸಕ್ಕೆ ಹೋಗಿಬರುತ್ತವೆ.

ನೀವು ಎಷ್ಟು ಮಂದಿ ಇದ್ದೀರಿ? ಹತ್ತು ಜನವಿದ್ದರೆ ಸಾಕು. ಕೊಯ್ಲಾದ ಗದ್ದೆಯ ಯಜಮಾನರನ್ನು ಕೇಳಿ ಒಪ್ಪಿಸಿ, ಪೊಲೀಸರ ಅನುಮತಿ ಪಡೆಯಿರಿ, ಬದಿಗೆ ಹುಲ್ಲಿನ ಹೊರೆ ಇಡಿ, ಆಂಬುಲೆನ್ಸ್ ಒಂದನ್ನು ಗೊತ್ತು ಮಾಡಿ, ಹೆಲ್ಮೆಟ್ ಇಲ್ಲದವನನ್ನು ಮನೆಗೆ ಕಳಿಸಿ. ಮಣ್ಣಿನ ಮೇಲೆ ಬೈಕು ಓಡಲಿ. ದಿನ ಗೊತ್ತಾದರೆ ಬರೆಯಿರಿ, ಪುಕ್ಕಟೆ ಅಚ್ಚು ಹಾಕುತ್ತೇನೆ, ಟವೆಲ್ ತಗೊಂಡು ನಾನೇ ಬರುತ್ತೇನೆ. ಅಲ್ಲಿಯವರೆಗೆ ಸೈಲೆನ್ಸರ್ ಬಿಚ್ಚಿದ ಬೈಕು ನಮ್ಮ ಕಚೇರಿ ಎದುರು ಬೇಡ; ರಾತ್ರಿ ಹನ್ನೊಂದಕ್ಕೆ ಇಲ್ಲಿ ಪ್ರೂಫ್ ನೋಡುತ್ತಿರುತ್ತೇವೆ.