ಎಂಇಎಸ್ ಕೆಲಸ ಬಿಟ್ಟು ಪಿಡಬ್ಲ್ಯೂಡಿಗೆ ಕಾಯಬೇಕೇ?

ಎಂಇಎಸ್‌ನಲ್ಲಿ, ಅಂದರೆ ಮಿಲಿಟರಿ ಇಂಜಿನಿಯರ್ ಸರ್ವಿಸಸ್‌ನಲ್ಲಿ, ಸಿವಿಲ್ ಜೆಇ (ಜೂನಿಯರ್ ಇಂಜಿನಿಯರ್) ಆಗಿ ಆಯ್ಕೆಯಾಗಿದ್ದೀರಿ, ಮನೆಯವರು ಮಾತ್ರ ಪಿಡಬ್ಲ್ಯೂಡಿ ಕರೆಯುವವರೆಗೆ ಕಾಯಿ ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನು ಎರಡೂ ಕಡೆ ದುಡಿದವನು. ಒಂಬತ್ತು ವರ್ಷ ಎಂಇಎಸ್, ಆಮೇಲೆ ನಿವೃತ್ತಿಯವರೆಗೆ ನಮ್ಮ ಲೋಕೋಪಯೋಗಿ ಇಲಾಖೆ. ಹೋಗಿ ಸೇರಿಕೊಳ್ಳಿ.

ಮನೆಯವರಿಗೆ ಯುದ್ಧದ ಭಯ ಇದ್ದರೆ ಹೀಗೆ ಹೇಳಿ: ಜೆಇ ಕೈಗೆ ಬಂದೂಕು ಕೊಡುವುದಿಲ್ಲ. ಸೇನೆ, ನೌಕಾಪಡೆ, ವಾಯುಪಡೆಗಳ ಕ್ವಾರ್ಟರ್ಸ್, ಆಸ್ಪತ್ರೆ, ರನ್‌ವೇ, ನೀರು, ಕರೆಂಟು, ಇವನ್ನು ಕಟ್ಟುವುದು, ಕಟ್ಟಿದ್ದನ್ನು ನೋಡಿಕೊಳ್ಳುವುದು, ಇಷ್ಟೇ. ನಿಮ್ಮ ಮೇಲಧಿಕಾರಿಯಾದ ಗ್ಯಾರಿಸನ್ ಇಂಜಿನಿಯರ್ ಸೇನೆಯ ಮೇಜರ್ ಆಗಿರಬಹುದು, ಸಿವಿಲಿಯನ್ನೂ ಆಗಿರಬಹುದು. ಗಡಿ ರಸ್ತೆಗಳದ್ದು ಬೇರೆಯೇ ಸಂಸ್ಥೆ, 1960ರಲ್ಲಿ ಶುರುವಾದ ಬಿಆರ್‌ಒ.

ನನಗೆ ಕೆಲಸ ಕಲಿಸಿದ್ದು ಲಡಾಖ್‌ನ ಲೇಹ್. ಸುಮಾರು 11,500 ಅಡಿ ಎತ್ತರ. ಹಸಿ ಕಾಂಕ್ರೀಟಿನೊಳಗಿನ ನೀರು ಹೆಪ್ಪುಗಟ್ಟಿದರೆ ಶೇ. 9ರಷ್ಟು ಹಿಗ್ಗುತ್ತದೆ, ಸಿಮೆಂಟಿನ ಹಿಡಿತ ಅಲ್ಲೇ ಸಡಿಲ. ಅಕ್ಟೋಬರ್ ಕೊನೆಯಲ್ಲಿ ಡ್ರಮ್ಮಿನಲ್ಲಿ ನೀರು ಕಾಯಿಸಿ, ಮೊದಲು ಜಲ್ಲಿ, ಮರಳಿಗೆ ಬೆರೆಸಿ, ಸಿಮೆಂಟನ್ನು ಕೊನೆಗೆ ಹಾಕಿಸುತ್ತಿದ್ದೆವು. ಕುದಿನೀರು ನೇರವಾಗಿ ಸಿಮೆಂಟಿಗೆ ಬಿದ್ದರೆ ಅದು ಕ್ಷಣದಲ್ಲಿ ಗಟ್ಟಿಯಾಗಿಬಿಡುತ್ತದೆ. ರಾತ್ರಿ ಹುಲ್ಲು, ಅದರ ಮೇಲೆ ತಾರ್ಪಾಲು ಹೊದಿಸಬೇಕು. ಒಮ್ಮೆ ಒಬ್ಬ ಗುತ್ತಿಗೆದಾರ ಹೊದಿಸದೆ ಹೋಗಿಬಿಟ್ಟ. ಬೆಳಿಗ್ಗೆ ಉಗುರಿನಿಂದ ಕೆರೆದೆ, ಪದರವೇ ಪುಡಿಪುಡಿಯಾಗಿ ಎದ್ದು ಬಂತು. ಅದನ್ನೂ ಅಳತೆಗೆ ಹಿಡಿಯಿರಿ ಎಂದು ಗೋಗರೆದ. ಬಿಲ್ಲಿಗೆ ಆಧಾರವಾದ ಅಳತೆ ಪುಸ್ತಕ, ಅಂದರೆ ಎಂ.ಬಿ., ಬರೆಯುವುದು ಪೆನ್ನಿನಲ್ಲೇ, ಅಳಿಸುವ ಹಾಗಿಲ್ಲ, ತಪ್ಪಿದರೆ ಗೆರೆ ಎಳೆದು ಸಹಿ ಹಾಕಬೇಕು. ಚಳಿಗೆ ಇಂಕು ಇಳಿಯುತ್ತಿರಲಿಲ್ಲ ಎಂದು ಪೆನ್ನನ್ನು ಸ್ವೆಟರಿನೊಳಗೆ ಎದೆಗೆ ಒತ್ತಿಟ್ಟುಕೊಂಡಿರುತ್ತಿದ್ದೆ. ಆ ದಿನ ಅದನ್ನು ಹೊರಗೆ ತೆಗೆಯಲೇ ಇಲ್ಲ. ಒಡೆಸಿ ಮತ್ತೆ ಹಾಕಿಸಿದೆ.

ಕಣ್ಣಲ್ಲಿ ನೋಡದ್ದನ್ನು ಎಂ.ಬಿ.ಗೆ ಏರಿಸದ ಈ ಹಟ ಪಿಡಬ್ಲ್ಯೂಡಿಯಲ್ಲಿ ನನ್ನನ್ನು ಕಾಪಾಡಿತು. ಅಲ್ಲಿ ಒತ್ತಡ ಹೆಚ್ಚು, ಬಿಲ್ಲಿನ ಹಿಂದೆ ಫೋನುಗಳೂ ಹೆಚ್ಚು. ಆದರೆ ಕಟ್ಟಿದ್ದು ಯಾರಿಗೆ ಎಂಬುದು ಕಣ್ಣೆದುರೇ ಇರುತ್ತದೆ. ಒಂದು ಹಳ್ಳದ ಮೋರಿಗೆ ಮಟ್ಟ ನೋಡುತ್ತಿದ್ದಾಗ ಊರಿನ ಅಜ್ಜಿಯೊಬ್ಬರು ಹೊಂಗೆ ಮರದ ಹತ್ತಿರ ಕರೆದುಕೊಂಡು ಹೋಗಿ, ‘ನೀರು ಇಲ್ಲೀಗಂಟ ಬಂದಿತ್ತಪ್ಪ’ ಎಂದು ತಮ್ಮ ಭುಜದ ಮಟ್ಟ ತೋರಿಸಿದರು. ನಮ್ಮ ಡ್ರಾಯಿಂಗಿನಲ್ಲಿ ಪ್ರವಾಹದ ಮಟ್ಟ ಅದಕ್ಕಿಂತ ಮೂರು ಅಡಿ ಕೆಳಗಿತ್ತು. ಡ್ರಾಯಿಂಗ್ ಬದಲಾಯಿತು.

ಈ ಎರಡು ಲೋಕಗಳ ನಂಟು ಹೊಸದೇನಲ್ಲ. ಬೆಂಗಳೂರಿನ ಅಠಾರಾ ಕಚೇರಿ, ಕಬ್ಬನ್ ಪಾರ್ಕ್ ಮಾಡಿಸಿದ ರಿಚರ್ಡ್ ಸ್ಯಾಂಕಿ ಮದ್ರಾಸ್ ಇಂಜಿನಿಯರ್ಸ್‌ನಿಂದ ಬಂದ ಸೇನಾಧಿಕಾರಿ.

ಜೆಇಗೆ ಏಳನೇ ವೇತನ ಆಯೋಗದಲ್ಲಿ ಲೆವೆಲ್ 6, ಮೂಲವೇತನ 35,400 ರೂಪಾಯಿಯಿಂದ ಶುರು. ಸೇರಿದ ಮೇಲೆ ಓದು ಬಿಡಬೇಡಿ. ಯುಪಿಎಸ್‌ಸಿಯ ಇಂಜಿನಿಯರಿಂಗ್ ಸರ್ವಿಸಸ್ ಪರೀಕ್ಷೆಗೆ ಸಾಮಾನ್ಯ ವರ್ಗಕ್ಕೆ 30ರ ಮಿತಿ ಇದೆ. ಕೆಪಿಎಸ್‌ಸಿ ಅಧಿಸೂಚನೆ ಬಂದಾಗ ಇಲಾಖೆಯ ಅನುಮತಿ ಪಡೆದೇ ಅರ್ಜಿ ಹಾಕಿ, ಹಿಂದಿನ ಸೇವೆಯ ಲೆಕ್ಕಕ್ಕೆ ಆ ಕಾಗದ ಬೇಕಾಗುತ್ತದೆ. ಮೊದಲ ಪೋಸ್ಟಿಂಗ್ ಲೇಹ್ ಆದರೆ ಇಳಿದ ದಿನವೇ ಸೈಟಿಗೆ ಓಡಬೇಡಿ. ಕೆಲವು ದಿನ ಸುಮ್ಮನೆ ಮಲಗಿ, ಉಸಿರು ಆ ಎತ್ತರಕ್ಕೆ ಒಗ್ಗಲಿ.