ಅವರೆ ಕುಡಿಗೆ ಕರಿ ಹೇನು: ಔಷಧಿಗೆ ಮೊದಲು ಎಲೆ ತಿರುಗಿಸಿ ನೋಡಿ

ಪ್ರಶ್ನೆ: ನಮ್ಮದು ಮೈಸೂರಿನ ಕುವೆಂಪುನಗರ. ಮನೆ ಹಿಂದೆ ಚಪ್ಪರದವರೆ ಹಬ್ಬಿಸಿದ್ದೇನೆ. ದೀಪಾವಳಿ ಕಳೆದ ಮೇಲೆ ಕುಡಿ, ಹೂಗೊಂಚಲು, ಎಳೆ ಕಾಯಿ ಎಲ್ಲದರ ಮೇಲೂ ಎಳ್ಳು ಮೆತ್ತಿದ ಹಾಗೆ ಕಪ್ಪು ಹುಳ. ಪಕ್ಕದ ದಾಸವಾಳದ ಮೊಗ್ಗಿನಲ್ಲಿ ಹಸಿರು ಹುಳ. ಕೆಳಗಿನ ಎಲೆಗಳು ಅಂಟಂಟಾಗಿ, ಮಸಿ ಬಳಿದ ಹಾಗೆ ಆಗಿವೆ. ನಾವೇ ತಿನ್ನುವ ಕಾಯಿ, ವಿಷ ಹೊಡೆಯಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಎಳ್ಳು ಮೆತ್ತಿದ ಹಾಗೆ ಅಂದಿರಲ್ಲ, ಅಷ್ಟರಲ್ಲೇ ಅರ್ಧ ಗೊತ್ತಾಯಿತು. ಇದು ಗಿಡಹೇನು. ಖಾತ್ರಿ ಮಾಡಿಕೊಳ್ಳಲು ಒಂದು ಕುಡಿ ಚಿವುಟಿ ಬಿಸಿಲಿಗೆ ಹಿಡಿದು ನೋಡಿ. ಮೈ ಮೆತ್ತಗೆ, ಹಿಂಭಾಗ ಉಬ್ಬಿರುತ್ತದೆ. ಹಿಂದೆ ಎರಡು ಪುಟ್ಟ ಕೊಳವೆ ಚಾಚಿಕೊಂಡಿರುತ್ತವೆ, ಭೂತಗನ್ನಡಿ ಇದ್ದರೆ ಚೆನ್ನಾಗಿ ಕಾಣುತ್ತದೆ. ಮುಟ್ಟಿದರೂ ಅಷ್ಟಾಗಿ ಓಡುವುದಿಲ್ಲ. ಗಿಡ ಅಲ್ಲಾಡಿಸಿದ ಕೂಡಲೇ ಪುರ್ ಎಂದು ಎದ್ದರೆ ಅದು ಬಿಳಿ ನೊಣ. ಹತ್ತಿ ಅಂಟಿಸಿದ ಹಾಗಿದ್ದರೆ ಹಿಟ್ಟು ತಿಗಣೆ. ಎಲೆ ಮೇಲೆ ಬಿಳಿ ಹೊಟ್ಟಿನಂಥದ್ದು ಬಿದ್ದಿದ್ದರೆ ಗಾಬರಿ ಬೇಡ, ಹೇನು ಬೆಳೆಯುತ್ತಾ ಕಳಚಿದ ಪೊರೆ ಅದು.

ಇದ್ದಕ್ಕಿದ್ದ ಹಾಗೆ ಇಷ್ಟೊಂದು ಎಲ್ಲಿಂದ ಬಂತು ಅನ್ನಿಸುತ್ತದೆ ಅಲ್ವಾ? ನಮ್ಮ ಹವೆಯಲ್ಲಿ ಗಿಡಹೇನಿಗೆ ಗಂಡೂ ಬೇಡ, ಮೊಟ್ಟೆಯೂ ಬೇಡ. ಹೆಣ್ಣು ನೇರವಾಗಿ ಮರಿ ಹಾಕುತ್ತದೆ, ಆ ಮರಿ ಸುಮಾರು ಒಂದು ವಾರಕ್ಕೆ ತಾನೂ ಮರಿ ಹಾಕಲು ಶುರು ಮಾಡುತ್ತದೆ. ಈ ಭಾನುವಾರ ನಾಲ್ಕು ಕಂಡಿದ್ದು ಇನ್ನೆರಡು ಭಾನುವಾರಕ್ಕೆ ಕುಡಿ ತುಂಬಾ. ಜಾಗ ಇಕ್ಕಟ್ಟಾದಾಗ ರೆಕ್ಕೆಯ ಹೇನು ಹುಟ್ಟಿ ಬೇರೆ ಗಿಡಕ್ಕೆ ಹಾರುತ್ತವೆ. ಜೋರು ಮಳೆಯಲ್ಲಿ ಇವು ತೊಳೆದು ಹೋಗುತ್ತವೆ. ಅದಕ್ಕೇ ಮಳೆ ನಿಂತು ಚಳಿ ಹಿಡಿದಾಗ, ಸರಿಯಾಗಿ ಅವರೆ ಹೂ ಬಿಡುವ ಹೊತ್ತಿಗೆ ಇವುಗಳ ಸುಗ್ಗಿ.

ಆ ಅಂಟು ಹೇನಿನದೇ. ಗಿಡದ ರಸ ಹೀರಿ, ಮಿಕ್ಕ ಸಿಹಿಯನ್ನು ಹಿಂದಿನಿಂದ ಬಿಡುತ್ತವೆ. ಮಸಿಯಂತೆ ಕಾಣುವುದು ಆ ಸಿಹಿಯ ಮೇಲೆ ಬೆಳೆದ ಬೂಷ್ಟು. ಅದಕ್ಕೆ ಬೇರೆ ಔಷಧಿ ಹುಡುಕಬೇಡಿ. ಹೇನು ಹೋದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಈಗ ಇರುವೆ ನೋಡಿ. ಕಾಂಡದ ಮೇಲೆ ಗೊದ್ದಗಳು ಸಾಲಾಗಿ ಹತ್ತಿ ಇಳಿಯುತ್ತಿದ್ದರೆ, ಅವು ಹೇನು ತಿನ್ನಲು ಹೋಗುತ್ತಿಲ್ಲ, ಸಿಹಿ ಕುಡಿಯಲು ಹೋಗುತ್ತಿವೆ. ಕುಡಿದದ್ದಕ್ಕೆ ಪ್ರತಿಯಾಗಿ ಕಾವಲು ಕೂರುತ್ತವೆ. ಹೇನು ತಿನ್ನಲು ಬಂದ ಹುಳಗಳನ್ನು ಅಟ್ಟುತ್ತವೆ. ಇರುವೆ ದಾರಿ ಕಟ್ಟದೆ ಬೇರೆ ಏನು ಮಾಡಿದರೂ ಅರ್ಧ ಕೆಲಸವೇ. ಕುಂಡವಾದರೆ ಸುಲಭ. ಹಿಂದೆ ಅಡುಗೆಮನೆ ಬೀರುವಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದರಲ್ಲ, ಹಾಗೇ ಸ್ಟ್ಯಾಂಡಿನ ಕಾಲಿಗೂ ಇಡಿ. ಸೊಳ್ಳೆ ಆಗದಂತೆ ನೀರನ್ನು ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ಬದಲಾಯಿಸಿ. ಚಪ್ಪರಕ್ಕೆ ಬುಡದಲ್ಲಿ ಟೇಪ್ ಸುತ್ತಿ, ಆ ಟೇಪ್ ಮೇಲೆ ಗ್ರೀಸ್ ಸವರಿ, ಬಳ್ಳಿಗೆ ತಾಕದ ಹಾಗೆ. ಚಪ್ಪರದ ಗಳು, ಗೋಡೆಗೆ ಕಟ್ಟಿದ ದಾರ ಇವನ್ನು ಮರೆತರೆ ಇರುವೆ ಆ ದಾರಿಯಲ್ಲೇ ಬರುತ್ತದೆ.

ಹೇನಿಗೆ ಮೊದಲ ಮದ್ದು ಬರೀ ನೀರು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಎಲೆಯ ಅಡಿಗೆ ರಭಸವಾಗಿ ಬಿಡಿ. ಹೂವಿನ ಹತ್ತಿರ ಮಾತ್ರ ಹಗುರವಾಗಿ. ಕೆಳಗೆ ಬಿದ್ದ ಹೇನಿನಲ್ಲಿ ಹೆಚ್ಚಿನವು ಮತ್ತೆ ಹತ್ತಲಾರವು. ಬೆಳಿಗ್ಗೆ ಹೊತ್ತು ಸತತ ಮೂರು ದಿನ, ಆಮೇಲೆ ಎರಡು ದಿನಕ್ಕೊಮ್ಮೆ. ಪೂರಾ ಮುಚ್ಚಿಹೋದ ಕುಡಿಯನ್ನು ಉಳಿಸಲು ಹೆಣಗಬೇಡಿ, ಚಿವುಟಿ ಸೋಪಿನ ನೀರಿಗೆ ಹಾಕಿ. ಅವರೆ ಪಕ್ಕದಿಂದ ಮತ್ತೆ ಒಡೆಯುತ್ತದೆ.

ಆದರೆ ಚಿವುಟುವ ಮೊದಲು ಎಲೆ ತಿರುಗಿಸಿ, ಹೇನಿನ ನಡುವೆ ಇನ್ಯಾರಿದ್ದಾರೆ ನೋಡಿ. ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ನಮ್ಮ ಮನೆಯ ಅಲಸಂದೆಯಲ್ಲಿ ಪುಟ್ಟ ಮೊಸಳೆಯಂಥ ಹುಳ ಕಂಡಿದ್ದೆ. ಬೂದು ಮೈ, ಕಿತ್ತಳೆ ಚುಕ್ಕೆ, ಆರು ಕಾಲು. ಇದೇ ದೊಡ್ಡ ಶತ್ರು ಎಂದು ಒಂದೊಂದಾಗಿ ಹೊಸಕಿ ಹಾಕಿದೆ. ಅದು ಗುಲಗಂಜಿ ಹುಳದ ಮರಿ! ಒಂದು ಮರಿ ಬೆಳೆದು ದೊಡ್ಡದಾಗುವಷ್ಟರಲ್ಲಿ ನೂರಾರು ಹೇನು ತಿಂದುಬಿಡುತ್ತದೆ. ಆ ವರ್ಷ ಅಲಸಂದೆ ಕೈಗೆ ಹತ್ತಲಿಲ್ಲ, ಬಿಡಿ. ಹೇನಿನ ಗುಂಪಿನಲ್ಲಿ ಕಾಲಿಲ್ಲದ ಹಸಿರು ಹುಳ ತೆವಳುತ್ತಿದ್ದರೆ ಅದು ಸಿರ್ಫಿಡ್ ನೊಣದ ಮರಿ, ಅದೂ ನಮ್ಮ ಕಡೆಯದು. ಕೆಲವು ಹೇನು ಊದಿಕೊಂಡು, ಗೋಧಿ ಬಣ್ಣಕ್ಕೆ ತಿರುಗಿ, ಬೆನ್ನಲ್ಲಿ ಗುಂಡಗೆ ತೂತು ಬಿದ್ದಿರುತ್ತವೆ. ಅವುಗಳ ಒಳಗೆ ಕಣಜದ ಜಾತಿಯ ಸಣ್ಣ ಕೀಟವೊಂದು ಬೆಳೆದು ಹೊರಗೆ ಹೋಗಿದೆ ಎಂದರ್ಥ. ಅಂಥವು ಕಂಡ ಕುಡಿಯನ್ನು ಮುಟ್ಟಬೇಡಿ. ಸಬ್ಬಸಿಗೆ, ಕೊತ್ತಂಬರಿ ನಾಲ್ಕು ಗಿಡ ಕೀಳದೆ ಹೂ ಬಿಡಲು ಬಿಟ್ಟರೆ ಇವರೆಲ್ಲ ಬರುತ್ತಾರೆ. ಹೇನು ಬಂದ ಮೇಲೇ ಇವರು ಬರುವುದು, ಆ ಒಂದೆರಡು ವಾರ ನೀರಿನಲ್ಲಿ ದೂಡಬೇಕು.

ಅದಕ್ಕೂ ಬಗ್ಗದಿದ್ದರೆ ಸೋಪು. ಒಂದು ಲೀಟರ್ ನೀರಿಗೆ 5 ಮಿ.ಲೀ. ಸೌಮ್ಯ ದ್ರವ ಸೋಪು. ಬಟ್ಟೆ ಒಗೆಯುವ ಪುಡಿ ಖಂಡಿತ ಬೇಡ, ಎಲೆ ಸುಡುತ್ತದೆ. ಸೋಪು ಹೇನಿನ ಮೈಗೆ ತಾಗಿದರೆ ಮಾತ್ರ ಕೆಲಸ, ಒಣಗಿದ ಮೇಲೆ ಏನೂ ಇಲ್ಲ. ಹಾಗಾಗಿ ನಾಲ್ಕೈದು ದಿನಕ್ಕೆ ಮತ್ತೆ ಹೊಡೆಯಬೇಕು. ಬೇವಿನ ಎಣ್ಣೆಯಾದರೆ 5 ಮಿ.ಲೀ. ಎಣ್ಣೆಗೆ ಮೊದಲು ಸ್ವಲ್ಪ ಸೋಪು ಸೇರಿಸಿ ಕದಡಿ, ಆಮೇಲೆ ಒಂದು ಲೀಟರ್ ನೀರು. ಎರಡನ್ನೂ ಜೇನ್ನೊಣ ಗೂಡಿಗೆ ಹೋದ ಮೇಲೆ, ಸಂಜೆ, ಹೇನು ಇರುವ ಕುಡಿಗೆ ಮಾತ್ರ ಹೊಡೆಯಿರಿ. ಮೊದಲು ಎರಡು ಎಲೆಗೆ ಹೊಡೆದು ಒಂದು ದಿನ ಕಾಯಿರಿ.

ಅಜ್ಜಿಯರು ಇಬ್ಬನಿ ಆರುವ ಮೊದಲೇ ಒಲೆ ಬೂದಿ ಎರಚುತ್ತಿದ್ದರು. ಅದೂ ನಡೆಯುತ್ತದೆ. ಆದರೆ ಕುಂಡದ ಮಣ್ಣಿಗೆ ದಿನಾ ಬೂದಿ ಬಿದ್ದರೆ ಮಣ್ಣು ಕ್ಷಾರವಾಗುತ್ತದೆ. ಇನ್ನೊಂದು, ಗಿಡ ಸೊರಗಿತೆಂದು ಈಗ ಯೂರಿಯಾ ಹಾಕಬೇಡಿ. ಕುಡಿ ಮತ್ತಷ್ಟು ರಸವತ್ತಾಗಿ ಹೇನಿಗೇ ಊಟ ಹಾಕಿದ ಹಾಗೆ.

ಪ್ರಶ್ನೆ: ಮಂಡ್ಯದ ಹತ್ತಿರ ನಮ್ಮ ಹಳ್ಳಿ. ಹಿತ್ತಲಲ್ಲಿ ಮೆಣಸಿನಕಾಯಿ, ಬದನೆ ಇದೆ. ಹೇನಿಗೆ ಹೊಗೆಸೊಪ್ಪು ಬೇಯಿಸಿದ ನೀರು ಹೊಡಿ ಅಂತ ನಮ್ಮ ಮಾವ ಹೇಳ್ತಾರೆ. ಬೇಲಿಯ ಆಚೆ ಅವರದೇ ಹಿಪ್ಪುನೇರಳೆ ತೋಟ. ಹೊಡೆಯಬಹುದಾ?

ಉತ್ತರ: ಮಾವನವರ ಮಾತು ಸುಳ್ಳಲ್ಲ. ಹೇನು ಸಾಯುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಧಾರಾಳವಾಗಿ ಸಿಗುವುದರಿಂದ ಈ ರೂಢಿ ನಮ್ಮಲ್ಲಿ ಬಲವಾಗಿದೆ. ಆದರೂ ನಾನು ಬೇಡ ಎನ್ನುತ್ತೇನೆ. ಅದರಲ್ಲಿರುವ ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಇಳಿಯುವ ವಿಷ. ಸಸ್ಯಮೂಲ ಎಂದ ಮಾತ್ರಕ್ಕೆ ಸೌಮ್ಯವಲ್ಲ. ಮೆಣಸಿನಕಾಯಿ, ಬದನೆ, ಟೊಮೆಟೊ ಎಲ್ಲಾ ಹೊಗೆಸೊಪ್ಪಿನ ಕುಲದವೇ. ಅದರ ನಂಜುರೋಗ ಕೈ, ಬಟ್ಟೆ, ಪುಡಿಯ ಮೂಲಕ ಇವಕ್ಕೂ ಹತ್ತಬಹುದು. ಬೀಡಿ ಸೇದಿದ ಕೈಯಲ್ಲಿ ಮೆಣಸಿನ ಸಸಿ ಮುಟ್ಟಬೇಡಿ ಎನ್ನುವುದೂ ಇದಕ್ಕೇ.

ಎಲ್ಲಕ್ಕಿಂತ ಮುಖ್ಯವಾಗಿ ಬೇಲಿಯಾಚೆಯ ಸೊಪ್ಪು. ಗಾಳಿಗೆ ಹಾರಿದ ಹೊಗೆಸೊಪ್ಪಿನ ನೀರು ಬಿದ್ದ ಎಲೆ ತಿಂದರೆ ರೇಷ್ಮೆ ಹುಳ ಉಳಿಯುವುದಿಲ್ಲ. ಬೇವಿನ ಎಣ್ಣೆಯೂ ಅಷ್ಟೇ, ಸೊಪ್ಪಿನ ಮೇಲೆ ಬಿದ್ದರೆ ಹುಳ ಮೇಯುವುದನ್ನು ಬಿಡಬಹುದು. ಎಳೆ ರೇಷ್ಮೆ ಹುಳ ಸಾಕುವ ಮಾವನ ಚಾಕಿ ಮನೆಯಲ್ಲಿ ನಷ್ಟವಾದರೆ ಹಿತ್ತಲಿನ ನಾಲ್ಕು ಬದನೆಕಾಯಿ ಯಾರಿಗೆ ಬೇಕು? ನಿಮಗೆ ನೀರು, ಚಿವುಟುವುದು, ಇರುವೆ ತಡೆಯುವುದು, ಇಷ್ಟೇ ಸಾಕು. ತೀರಾ ಬೇಕಾದರೆ ಗಾಳಿ ಇಲ್ಲದ ಸಂಜೆ ಸೋಪಿನ ನೀರು.

ಮೆಣಸಿನ ಎಲೆ ಮುದುಡಿದ್ದರೆ ಅದನ್ನೂ ತಿರುಗಿಸಿ ನೋಡಿ. ಅಂಚು ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಕೆಳಕ್ಕೆ ಮಡಚಿದ್ದರೆ ನುಸಿ. ಹೇನಿನ ಲೆಕ್ಕಕ್ಕೆ ಅವನ್ನೂ ಸೇರಿಸಬೇಡಿ.

ಪ್ರಶ್ನೆ: ಕಾಂಪೌಂಡಿನ ಪಕ್ಕದ ಎಕ್ಕದ ಗಿಡದ ತುಂಬಾ ಹಳದಿ ಹೇನು. ತರಕಾರಿಗೆ ಹರಡುವ ಮೊದಲು ಕಡಿದು ಹಾಕಲೇ?

ಉತ್ತರ: ಕಡಿಯಬೇಡಿ. ಕಪ್ಪು ಕಾಲಿನ ಆ ಹಳದಿ ಹೇನಿಗೆ ಎಕ್ಕ, ಕಣಗಿಲೆಯಂಥ ಹಾಲು ಬರುವ ಗಿಡಗಳೇ ಬೇಕು. ನಿಮ್ಮ ಅವರೆ, ಬದನೆಯ ತಂಟೆಗೆ ಬರುವುದಿಲ್ಲ. ಎಲೆ ತಿರುಗಿಸಿದರೆ ಗುಲಗಂಜಿ ಹುಳಗಳು ಅಲ್ಲೇ ಸಂಸಾರ ಮಾಡಿಕೊಂಡಿರುವುದು ಕಾಣಬಹುದು. ಅಲ್ಲಿ ಊಟ ಮುಗಿದ ಮೇಲೆ ಅವು ನಿಮ್ಮ ಚಪ್ಪರಕ್ಕೇ ಬರಬೇಕು. ರಥಸಪ್ತಮಿಗೆ ಏಳು ಎಲೆ ಕೀಳುವಾಗ ಹೇನಿಲ್ಲದ ಕೊಂಬೆ ನೋಡಿ ಕೀಳಿ. ಹಾಲು ಕಣ್ಣಿಗೆ ಸಿಡಿಯದ ಹಾಗೆ ಹುಷಾರು.